ಸಮುದ್ರ ಕುದಿಸಿದ ಮಾಸ್ತರರು

ನಮ್ಮ ವಿಜ್ಞಾನ ಮಾಸ್ತರರ ಬಲಗೈಯ ಎರಡು ಬೆರಳು ಸದಾ ಹಳದಿ. ಅರಿಶಿನವಲ್ಲ, ಆಮ್ಲ ಬಿದ್ದು ಆದದ್ದು. ಯಾರ ಮನೆಯಲ್ಲಿ ನೀರು ಕೊಟ್ಟರೂ ಲೋಟವನ್ನು ಬೆಳಕಿಗೆ ಹಿಡಿದು, "ಇದರಾಗ ಏನೇನೈತಿ ಹೇಳ್ರಿ ನೋಡೂಣು" ಎಂದು ಕೇಳಿಯೇ ಕುಡಿಯುತ್ತಿದ್ದರು. ನಮ್ಮೂರು ಹುಕ್ಕೇರಿಯಲ್ಲಿ ಅವರಿಗೆ ಅರೆಹುಚ್ಚರೆಂಬ ಬಿರುದು ಆಗಲೇ ಇತ್ತು.

ತೊಂಬತ್ತರ ದಶಕದ ಕೊನೆ. ನಾನು ಒಂಬತ್ತನೆಯ ತರಗತಿ. ವಿಜ್ಞಾನ ಪ್ರದರ್ಶನಕ್ಕೆಂದು ಮಾಸ್ತರರು ಕಾರವಾರದ ತನಕ ಬಸ್ಸಿನಲ್ಲಿ ಹೋಗಿ ಒಂದು ಕ್ಯಾನು ಸಮುದ್ರದ ನೀರು ತಂದರು. ಅದಕ್ಕೆ ದಾಸವಾಳದ ರಸ ಹಾಕಿ, ಕೊಳವೆಯಿಂದ ಉಸಿರು ಊದಿ, ಬಣ್ಣ ತಿರುಗುವುದನ್ನು ನಾನು ತೋರಿಸಬೇಕಿತ್ತು.

"ನಾವು ಬಿಟ್ಟ ಹೊಗಿ ಬರೇ ಮುಗಿಲಿಗೆ ಹೋಗೂದಿಲ್ಲವಾ, ಸಮುದ್ರನೂ ನುಂಗತೈತಿ. ನುಂಗಿ ನುಂಗಿ ಹುಳಿ ಕಡೆ ತಿರಗಾಕತ್ತೈತಿ," ಎಂದು ಹೇಳಿ, ರೂಢಿ ಮಾಡಿಕೊಳ್ಳಲೆಂದು ಪ್ರದರ್ಶನದ ಹಿಂದಿನ ದಿನ ಕ್ಯಾನನ್ನು ನನ್ನ ಕೈಗೇ ಕೊಟ್ಟು ಕಳಿಸಿದರು.

ನಮ್ಮದು ಜೈನರ ಮನೆ. ಸೋಸಿ ಕಾಯಿಸದ ನೀರನ್ನು ಅಜ್ಜಿ ಅಡುಗೆಮನೆಯಲ್ಲಿ ಇಡಗೊಡುತ್ತಿರಲಿಲ್ಲ. ನಾನು ಹೂ ಹುಡುಕಿಕೊಂಡು ಬರುವಷ್ಟರಲ್ಲಿ ಇಡೀ ಸಮುದ್ರ ಬೋಗುಣಿಯಲ್ಲಿ ಕುದ್ದು ತಣ್ಣಗಾಗಿತ್ತು. "ಯಾವ ಬಾವೀದವಾ ಇದು, ಹಿಂಗ ಉಪ್ಪೈತಿ?" ಎಂದು ಅಜ್ಜಿ ಮುಖ ಕಿವುಚಿದಳು.

ಕುದ್ದ ನೀರು ಪ್ರಯೋಗಕ್ಕೆ ಬಾರದು. ಮರುದಿನ ಅಳುತ್ತಲೇ ಹೋಗಿ ಹೇಳಿದೆ. ಶಾಲೆಗೆಲ್ಲ ಗೊತ್ತಾದರೆ ನನ್ನ ಮಾನ ಮೂರಾಬಟ್ಟೆ. ಮಾಸ್ತರರು ಹಣೆ ತಿಕ್ಕಿಕೊಂಡರು.

"ಬೋಗುಣಿ ತಿಕ್ಯಾರೇನವಾ?"

"ಇಲ್ರಿ ಸರ್."

"ಹಂಗಾರ ಓಡಿ ಹೋಗಿ ಅದನ್ನಽ ತಗೊಂಡು ಬಾ."

ಬೋಗುಣಿಯ ತಳದಲ್ಲಿ ಬಿಳಿಯ ಪದರ ಕಟ್ಟಿತ್ತು. "ಇದರಾಗ ಕ್ಯಾಲ್ಸಿಯಂ ಐತಿ, ಮೆಗ್ನೀಶಿಯಂ ಐತಿ. ನೀರು ಕಾದು ಒಳಗಿನ ಗಾಳಿ ಹೊರಬಿತ್ತು, ಇವು ತಳಕ್ಕ ಕುಂತ್ವು. ಭೂಮಿ ಕಾದಷ್ಟೂ ಸಮುದ್ರ ಗಾಳಿ ಹಿಡಕೊಳ್ಳೂದು ಕಡಿಮಿ ಆಗತೈತಿ. ಇವತ್ತ ಇದನ್ನಽ ಹೇಳು," ಎಂದರು.

ಅಷ್ಟನ್ನೂ ಹೇಳಿದೆ. ಪರೀಕ್ಷಕರಿಗೆ ಬೋಗುಣಿ ಕಂಡೇ ಸಿಟ್ಟು ಬಂದಿತ್ತು. "ಅಷ್ಟು ದೂರದಿಂದ ತಂದ ನೀರು ಕುದಿಸಿದ ಶಾಣ್ಯಾ ಯಾರ್ರಿ?" ಎಂದರು.

"ನಾನಽ ಕುದಿಸೀನ್ರಿ," ಎಂದರು ಮಾಸ್ತರರು.

ಬಹುಮಾನ ಬರಲಿಲ್ಲ. 'ಸಮುದ್ರ ಕುದಿಸಿದ ಮಾಸ್ತರ' ಎಂಬ ಹೆಸರು ಮಾತ್ರ ಅವರಿಗೆ ಕಾಯಂ ಆಯಿತು. ವರ್ಷಗಟ್ಟಲೆ ಜನ ನಕ್ಕರು, ಅವರೂ ನಕ್ಕರು. ನಾನು ತುಟಿ ಬಿಚ್ಚಲಿಲ್ಲ.

ಕೆಲವು ವರ್ಷಗಳ ನಂತರ, ನಿವೃತ್ತಿಗೂ ಮೊದಲೇ ಅವರು ತೀರಿಕೊಂಡರು. ಮನೆಯವರನ್ನು ಮಾತನಾಡಿಸಲು ಹೋದಾಗ ಪಡಸಾಲೆಯಲ್ಲಿ ಯಾರೋ ಅದೇ ಕಥೆ ತೆಗೆದರು. ಅಳುವಿನ ನಡುವೆಯೂ ನಾಲ್ಕು ಜನ ನಕ್ಕರು. ನನಗೆ ತಡೆಯಲಾಗಲಿಲ್ಲ. "ಅವರಲ್ರಿ. ಕುದಿಸಿದ್ದು ನಮ್ಮ ಅಜ್ಜಿ. ಕ್ಯಾನು ನನ್ನ ಕೈಯಾಗಿತ್ತು," ಎಂದೆ.

ಅವರ ಹೆಂಡತಿ ನನ್ನನ್ನೇ ನೋಡಿದರು.

"ಖರೇನಽ ಏನವಾ? ಎಷ್ಟ ಸಲ ಬೈದೇನಿ ಅವರಿಗೆ. ನನ್ನ ಮುಂದೂ ನಾನಽ ಕುದಿಸೀನಿ ಅಂತಿದ್ರು."