ಮಾಫಿ ಕೇಳಿದವರಿಗಷ್ಟೇ ಟಿಕೆಟ್

ಕೊರೊನಾ ಹೋಗಿ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ ಜನ ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಾರೆ ಎಂಬುದು ಹುಮನಾಬಾದಿನ ಟ್ರಾವೆಲ್ಸ್ ಗಯಾಸುದ್ದೀನರ ಅಭಿಪ್ರಾಯ. ಮೊದಲು ಮೆಕ್ಕಾದ ಉಮ್ರಾ ಯಾತ್ರೆ ಒಂದೇ ಇತ್ತು, ಈಗ ಬಾಕು, ಬ್ಯಾಂಕಾಕ್ ಎನ್ನುತ್ತಾರೆ. ಎಲ್ಲಿಗೇ ಹೋಗಲಿ, ಉಮ್ರಾಕ್ಕೆ ಹೊರಟವರಂತೆ ಮನೆಮನೆಗೆ ಹೋಗಿ, ತಪ್ಪಾಗಿದ್ದರೆ ಕ್ಷಮಿಸಿ ಎಂದು ಮಾಫಿ ಕೇಳಿ ಬಂದ ಹೊರತು ಅವರು ಟಿಕೆಟ್ ಕೊಡುವುದಿಲ್ಲ. "ನಾಕ ದಿನ ಬ್ಯಾಂಕಾಕ್ ನೋಡಾಕ ಹೊಂಟೀನ್ರಿ, ಬಂದಮ್ಯಾಲ ಕೇಳ್ತೀನಿ" ಎಂದ ಬೇಮಳಖೇಡದ ದೇವಿಂದ್ರಪ್ಪನಿಗೆ, "ಮೊದಲ ಕೇಳಿ ಬರ್ರಿ, ವಿಮಾನ ಎಲ್ಲೂ ಹೋಗಂಗಿಲ್ಲ" ಎಂದರು. ಹೊಲದ ಬದುವಿನ ಜಗಳದಲ್ಲಿ ಹನ್ನೊಂದು ವರ್ಷ ಮಾತುಬಿಟ್ಟಿದ್ದ ಅಣ್ಣನ ಮನೆಗೂ ಹೋಗಿ ಚಹಾ ಕುಡಿದ ದೇವಿಂದ್ರಪ್ಪ, ಮರುದಿನ ಬಂದು ಎರಡು ಟಿಕೆಟ್ ಕೇಳಿದ. ಗಯಾಸುದ್ದೀನ್ ನಗಲಿಲ್ಲ. ಕೊರೊನಾದಲ್ಲಿ ದುಬೈಯಲ್ಲೇ ಮಣ್ಣಾದ ಅವರ ತಮ್ಮ ಅಕ್ರಮ್, ಹೊರಡುವ ದಿನ ಮಾಫಿ ಕೇಳಲು ಇದೇ ಮೇಜಿನ ಮುಂದೆ ನಿಂತಾಗ, ಗಿರಾಕಿಗಳ ಗದ್ದಲದಲ್ಲಿ ಅವರು ತಲೆಯೆತ್ತದೆ ಹೇಳಿದ್ದರು: "ಬಂದಮ್ಯಾಲ ಕೇಳು."