ಮೊದಲ ತೀರ್ಥದ ಮೊಕದ್ದಮೆ

ಹೆದ್ದಾರಿ ಪಕ್ಕದ ವೇಬ್ರಿಡ್ಜ್‌ನಲ್ಲಿ ಲಾರಿ ತೂಗುವುದು ಅವಳ ಕೆಲಸ. ಗಾಜಿನ ಕಿಟಕಿಯ ಪುಟ್ಟ ಕ್ಯಾಬಿನ್ನು, ಒಳಗೊಂದು ಕಂಪ್ಯೂಟರು, ಎಷ್ಟು ಒರೆಸಿದರೂ ಧೂಳು ಬಿಡದ ಮೇಜು. ಲಾರಿ ಕಬ್ಬಿಣದ ಹಾಸಿನ ಮೇಲೆ ಬಂದು, ಅದರ ನಡುಕ ನಿಂತು, ಪರದೆಯ ಮೇಲಿನ ಅಂಕಿ ಅಲುಗಾಡದೆ ಕೂತ ಮೇಲೆ ಚೀಟಿ ಹರಿದು ಕೊಡುತ್ತಿದ್ದಳು. ಡ್ರೈವರುಗಳ ಬಾಯಲ್ಲಿ ಅವಳು ತೂಕದಕ್ಕ. ಹತ್ತಾರು ವರ್ಷ ಆ ಕುರ್ಚಿಯಲ್ಲಿ ಕೂತವಳಿಗೆ ಅದಲ್ಲದ ಹೆಸರು ಕರೆದರೆ ತಟ್ಟನೆ ತಿರುಗಿ ನೋಡುವ ಅಭ್ಯಾಸವೂ ತಪ್ಪಿತ್ತು.

ಅಣ್ಣ ತೀರಿಕೊಂಡ ತಿಂಗಳಲ್ಲೇ ವಕೀಲರು ಸ್ಕೂಟರ್ ಏರಿ ಕ್ಯಾಬಿನ್ನಿನ ಬಾಗಿಲಿಗೆ ಬಂದರು. ಅಪ್ಪನ ಕಾಲದಿಂದಲೂ ಮನೆಯ ವಕೀಲರು. ಇವಳನ್ನು ಲಂಗ ಹಾಕಿಕೊಂಡಿದ್ದಾಗಿನಿಂದ ಕಂಡವರು.

"ಇಲ್ಲೊಂದು ಸಹಿ ಹಾಕಮ್ಮ."

"ಏನು ಸಾರ್ ಇದು?"

"ದೇವಸ್ಥಾನದ ಕೇಸಿಂದು. ಇನ್ಮೇಲೆ ನಿಮ್ಮಣ್ಣನ ಜಾಗದಲ್ಲಿ ನೀನೇ ವಾದಿ."

ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಕೇಸು ಗೊತ್ತಿಲ್ಲದ್ದಲ್ಲ, ಅದರ ಜೊತೆಗೇ ಬೆಳೆದವಳು. ವರ್ಷದ ಉತ್ಸವದ ಕೊನೆಯ ದಿನ ಪೂಜೆ ಮುಗಿದ ಕೂಡಲೇ ಅವರ ಮನೆಯ ಹಿರಿಯನ ತಲೆಗೆ ರೇಷ್ಮೆ ವಸ್ತ್ರ ಕಟ್ಟಿ ಮೊದಲ ತೀರ್ಥ ಕೊಡಬೇಕು. ಉಳಿದವರಿಗೆಲ್ಲ ಆಮೇಲೆ. ತಾತ ತಗೊಂಡ, ಅಪ್ಪ ತಗೊಂಡ. ಆ ಮರ್ಯಾದೆ ಮೂಲದಲ್ಲಿ ತಮ್ಮದು ಅಂತ ಪ್ರಿಂಟಿಂಗ್ ಪ್ರೆಸ್ಸಿನ ಯಜಮಾನರ ಮನೆಯವರು ಒಂದು ವರ್ಷ ಅಡ್ಡ ನಿಂತರು. ಅಪ್ಪ ಕೋರ್ಟಿಗೆ ಹೋದ. ಕೇಸು ಮುಗಿಯುವವರೆಗೆ ವಸ್ತ್ರ ಈ ಮನೆಗೇ ಅಂತಾಯಿತು. ಅಪ್ಪನಾದ ಮೇಲೆ ಅಣ್ಣ ಆ ಕೇಸನ್ನು ಹೊತ್ತುಕೊಂಡ. ಹೊತ್ತುಕೊಂಡೇ ಹೋದ.

"ನಾನು ಹೆಂಗಸು, ಸಾರ್. ಆ ವಸ್ತ್ರ ಕಟ್ಟೋದನ್ನ ಕಣ್ಣಿಂದ ನೋಡೇ ಇಲ್ಲ. ನಮ್ಮನ್ನ ನಿಲ್ಲಿಸೋದು ಹಿಂದಿನ ಕಂಬದ ಹತ್ರ."

"ಇರಲಿ. ಅಣ್ಣನಿಗೆ ಮಕ್ಕಳಿಲ್ಲ. ನಿಮ್ಮತ್ತಿಗೆ ಬೇರೆ ಮನೆಯಿಂದ ಬಂದವರು. ನೀನು ಮದುವೆಯಾಗಿ ಇನ್ನೊಂದು ಮನೆಗೆ ಹೋಗಿಲ್ಲ. ಆ ವಂಶದ ರಕ್ತ ಅಂತ ಉಳಿದಿರೋಳು ನೀನೊಬ್ಳೇ."

ಮದುವೆಯಾಗದೆ ಉಳಿದದ್ದಕ್ಕೆ ಅದುವರೆಗೆ ಅವಳು ಕೇಳಿದ್ದು ಕೊಂಕು ಮಾತು. ಈಗ ಅದೇ ಕೇಸಿನ ಬೆನ್ನೆಲುಬು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೊರಗೆ ಲಾರಿಯೊಂದು ಹಾರನ್ ಬಾರಿಸುತ್ತಿತ್ತು. ಸಹಿ ಹಾಕಿದಳು.

ಮನೆಗೆ ಬಂದರೆ ಅತ್ತಿಗೆ ಅಣ್ಣನಿಗೆ ವರ್ಷವರ್ಷ ಕಟ್ಟಿದ ರೇಷ್ಮೆ ವಸ್ತ್ರಗಳನ್ನೆಲ್ಲ ಮಂಚದ ಮೇಲೆ ಹರಡಿಕೊಂಡು ಕೂತಿದ್ದಳು. "ಬಿಟ್ಟುಕೊಡಬೇಡ," ಅಂದಳು. "ಅವರಿಗೆ ಬೇರೆ ಯಾವ ಆಸೆಯೂ ಇರಲಿಲ್ಲ." ಆ ಮಾತು ನಿಜ. ಅಣ್ಣ ಸಿನಿಮಾ ನೋಡಿದವನಲ್ಲ, ಪ್ರವಾಸ ಹೋದವನಲ್ಲ. ಕೋರ್ಟಿನ ದಿನ ಮಾತ್ರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮದುವೆ ಗಂಡಿನ ಹಾಗೆ ಹೊರಡುತ್ತಿದ್ದ.

ಅಷ್ಟರಲ್ಲಿ ಕೇಸಿಗೆ ಮೂರನೆಯ ಪಕ್ಷ ಬಂತು. ದೇವಸ್ಥಾನದ ಹಿಂದಿನ ಬೀದಿಯವರು. ದೊಡ್ಡ ಮನೆಗಳ ತೀರ್ಥ ಮುಗಿಯುವವರೆಗೂ ಅವರು ಹೊರಬಾಗಿಲು ದಾಟುವಂತಿರಲಿಲ್ಲ. ಈ ಮನೆಯೂ ಬೇಡ, ಆ ಮನೆಯೂ ಬೇಡ, ದೇವರ ಮುಂದೆ ಯಾರೂ ಮೊದಲಲ್ಲ ಅನ್ನುವುದು ಅವರ ಅರ್ಜಿ. ಮುಂದೆ ನಿಂತವನು ಬೀದಿಯ ಎಲೆಕ್ಟ್ರಿಷಿಯನ್. ವೇಬ್ರಿಡ್ಜಿನ ವೈರು ಇಲಿ ಕಡಿದಾಗೆಲ್ಲ ಬಂದು ಸರಿಮಾಡುತ್ತಿದ್ದವನೂ ಅವನೇ.

ಅವರು ಅರ್ಜಿ ಹಾಕಿದ ವಾರವೇ ಇಲಿ ವೈರು ಕಡಿಯಿತು. ಅವನು ಬಂದ, ಹಾಸಿನ ಕೆಳಗೆ ತೂರಿ ಕೆಲಸ ಮುಗಿಸಿ ಕೈ ಒರೆಸಿಕೊಂಡ.

"ಬೇಜಾರಾಯ್ತಾ ಅಕ್ಕ?"

"ಯಾಕೋ ಆಗಲಿಲ್ಲ. ಅದೇ ಬೇಜಾರು."

"ನಮ್ಮಪ್ಪ ಆ ಹೊರಬಾಗಿಲ ಹತ್ರ ನಿಂತೂ ನಿಂತೂ ಕಾಲು ಊದಿಸಿಕೊಂಡಿದ್ದ. ಒಳಗೆ ದೀಪದ ವೈರು ಎಳೆಯೋಕೆ ಮಾತ್ರ ನಾನು ಬೇಕು."

ಅವಳಿಗೆ ಅವನ ಮಾತು ಸರಿ ಅನ್ನಿಸಿತು. ಮಂಚದ ಮೇಲೆ ವಸ್ತ್ರ ಹರಡಿಕೊಂಡು ಕೂತ ಅತ್ತಿಗೆಯದು ತಪ್ಪು ಅಂತಲೂ ಅನ್ನಿಸಲಿಲ್ಲ. ಎರಡೂ ಸರಿಯಾಗುವುದು ಹೇಗೆ ಅಂತ ಯೋಚಿಸುತ್ತಾ ಅವತ್ತು ಒಂದು ಲಾರಿಗೆ ಇನ್ನೊಂದು ಲಾರಿಯ ಚೀಟಿ ಕೊಟ್ಟು ಬೈಸಿಕೊಂಡಳು.

ಸಾಕ್ಷಿ ಕಟಕಟೆ ಹತ್ತುವ ದಿನ ವಕೀಲರು ಗಿಣಿಗೆ ಕಲಿಸಿದಂತೆ ಕಲಿಸಿದ್ದರು. "ಇದು ನಮ್ಮ ಮನೆತನದ ಹಕ್ಕು ಅನ್ನು. ಹೆಚ್ಚು ಮಾತು ಬೇಡ." ಅವಳು ಹಾಗೇ ಅಂದಳು. ಆಮೇಲೆ ಹಿಂದಿನ ಬೀದಿಯವರ ವಕೀಲೆ ಎದ್ದಳು. ಚಿಕ್ಕ ವಯಸ್ಸಿನ, ಮೆಲು ದನಿಯ ಹೆಣ್ಣುಮಗಳು.

"ಆ ಮೊದಲ ತೀರ್ಥ ನೀವು ಯಾವತ್ತಾದರೂ ತಗೊಂಡಿದೀರಾ?"

"ಇಲ್ಲ."

"ನಿಮ್ಮಣ್ಣ ಬದುಕಿದ್ದಿದ್ರೆ ನಿಮಗೆ ಬಿಟ್ಟುಕೊಡ್ತಿದ್ರಾ?"

"ಇಲ್ಲ."

"ಹಾಗಾದ್ರೆ ನೀವು ಕಳಕೊಂಡಿರೋದು ಏನು?"

ಅವಳ ವಕೀಲರು ಕೆಮ್ಮಿದರು. ಅವಳಿಗೆ ಸುಳ್ಳು ಬಾಯಿಗೆ ಬರಲಿಲ್ಲ, ನಿಜ ಯಾವುದು ಅಂತಲೂ ಗೊತ್ತಿರಲಿಲ್ಲ.

"ಅಣ್ಣನ್ನ," ಅಂದಳು.

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ಒಂದು ಗಳಿಗೆ ಅವಳನ್ನೇ ನೋಡಿದರು. ಹೊರಗೆ ಬಂದ ಮೇಲೆ ವಕೀಲರು ಹಲ್ಲು ಕಚ್ಚಿಕೊಂಡು, "ಕೇಸಿನ ಕಾಲು ಮುರಿದೆಯಲ್ಲಮ್ಮ," ಅಂದರು. ಆ ವಕೀಲೆ ಹತ್ತಿರ ಬಂದು ಕ್ಷಮೆ ಕೇಳುವಂತೆ ಮುಖ ಮಾಡಿ, ಕೇಳದೆ ಹೋದಳು.

ತೀರ್ಪಿಗೆ ಮೊದಲೇ ಉತ್ಸವ ಬಂತು. ಈ ಸಲ ವಸ್ತ್ರವಿಲ್ಲ, ಮೊದಲ ಮರ್ಯಾದೆಯಿಲ್ಲ, ಎಲ್ಲರೂ ಒಂದೇ ಸಾಲಿನಲ್ಲಿ ಬಂದು ತೀರ್ಥ ತಗೊಳ್ಳಲಿ ಅಂತ ಕೋರ್ಟು ತಾತ್ಕಾಲಿಕ ಆದೇಶ ಕೊಟ್ಟಿತು. ಕೇಳುವುದಕ್ಕೆ ಸರಳವಾಗಿತ್ತು. ಆದರೆ ಯಾವ ಸಾಲಿಗಾದರೂ ಒಬ್ಬ ಮೊದಲು ನಿಲ್ಲಲೇಬೇಕಲ್ಲ. ಇವಳ ಮನೆಯವರು ನಿಂತರೆ ಹಳೆಯ ಮರ್ಯಾದೆ ಕದ್ದಂತೆ. ಪ್ರೆಸ್ಸಿನ ಯಜಮಾನರು ನಿಂತರೆ ಅವರು ಗೆದ್ದಂತೆ. ಹಿಂದಿನ ಬೀದಿಯವರು ನಿಂತರೆ, ಯಾರೂ ಮೊದಲಲ್ಲ ಅಂದವರೇ ಮೊದಲಾದಂತೆ. ಅರ್ಚಕರು ತೀರ್ಥದ ಬಟ್ಟಲು ಹಿಡಿದು ನಿಂತೇ ಇದ್ದರು. ಜನ ಸಾಲಿಗೆಂದು ಕಟ್ಟಿದ ಹಗ್ಗದ ಈಚೆ ಗುಂಪುಗುಂಪಾಗಿ, ನೀವು ಹೋಗಿ, ನೀವು ಹೋಗಿ ಅಂತ ಕಣ್ಣಲ್ಲೇ ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ಬಂದೋಬಸ್ತಿಗೆ ಬಂದ ಪೊಲೀಸಿನವನು ಆದೇಶದ ಪ್ರತಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಮೊದಲನೆಯವನು ಯಾರು ಅಂತ ಅದರಲ್ಲಿ ಬರೆದಿರಲಿಲ್ಲ.

ಬಾಗಿಲ ಬಳಿ ನಿಂತಿದ್ದ ಅವಳ ಬೆನ್ನ ಹಿಂದಿನಿಂದ ಯಾರೋ, "ಏನಕ್ಕ, ಇವತ್ತು ರಜಾನಾ?" ಅಂದರು. ಸಿಮೆಂಟು ಸಾಗಿಸುವ ಲಾರಿಯ ಡ್ರೈವರು. ಯಾವ ಊರಿನವನೋ, ವರ್ಷಕ್ಕೆ ನಾಲ್ಕಾರು ಸಲ ತೂಕಕ್ಕೆ ಬರುವವನು.

"ಹ್ಞೂ, ರಜ."

"ಕೈ ಮುಗಿದು ಹೋಗೋಣ ಅಂತ ಬಂದೆ. ಸಾಲು ಎಲ್ಲಿಂದ?"

"ಇಲ್ಲಿಂದಲೇ," ಅಂತ ಹಗ್ಗ ತೋರಿಸಿದಳು. ಅಷ್ಟೇ ಅವಳು ಮಾಡಿದ್ದು.

ಅವನು ಚಪ್ಪಲಿ ಬಿಟ್ಟು, ಹಗ್ಗದೊಳಗೆ ನುಗ್ಗಿ ನೇರ ಹೋಗಿ ಕೈ ಒಡ್ಡಿದ. ಅರ್ಚಕರು ಉಸಿರು ಬಿಟ್ಟು ತೀರ್ಥ ಹಾಕಿದರು. ಅವನು ಕುಡಿದು, ಕೈ ತಲೆಗೆ ಸವರಿಕೊಂಡು, "ಲೋಡ್ ಇಳಿಸಬೇಕು ಅಕ್ಕ, ಬರ್ತೀನಿ," ಅಂತ ಹೊರಟೇ ಹೋದ. ಅವನ ಹಿಂದೆ ಕಟ್ಟೆ ಒಡೆದ ಹಾಗೆ ಜನ ನುಗ್ಗಿತು.

ಮರುದಿನದಿಂದ ಅವಳ ನೆಮ್ಮದಿಗೆ ಕಲ್ಲು ಬಿತ್ತು. ತನ್ನ ಕಡೆಯವನನ್ನು ಬೇಕಂತಲೇ ಮುಂದೆ ಕಳಿಸಿ ಆದೇಶ ಮುರಿದಳು ಅಂತ ಪ್ರೆಸ್ಸಿನ ಯಜಮಾನರು ಅರ್ಜಿ ಹಾಕಿದರು. ಅವಳ ವಕೀಲರೇ ದನಿ ತಗ್ಗಿಸಿ, "ನನ್ನ ಹತ್ರ ನಿಜ ಹೇಳು, ಕಳಿಸಿದ್ದು ನೀನೇನಾ?" ಅಂದರು. ಎಲೆಕ್ಟ್ರಿಷಿಯನ್, "ಅಷ್ಟು ವರ್ಷ ಹೊರಗೆ ನಿಂತ ನಮ್ಮನ್ನ ಗೇಲಿ ಮಾಡಿದ ಹಾಗಾಯ್ತು ಅಕ್ಕ," ಅಂದ. ಅತ್ತಿಗೆಯಂತೂ, "ಅವರು ಜೀವ ತೇಯ್ದಿದ್ದನ್ನ ದಾರಿಹೋಕನಿಗೆ ಕೊಡಿಸಿದೆ," ಅಂದು ಮಾತು ಬಿಟ್ಟಳು. ಒಂದೇ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು, ಪಾತ್ರೆಗಳ ಸದ್ದು ಮಾತ್ರ.

ಆ ಅರ್ಜಿಯ ವಿಚಾರಣೆಯ ದಿನ ನ್ಯಾಯಾಧೀಶರು ಕೇಳಿದರು, "ಆ ಮನುಷ್ಯನ ಹೆಸರೇನಮ್ಮ?"

"ಹೆಸರು ಗೊತ್ತಿಲ್ಲ ಸ್ವಾಮಿ. ಲಾರಿ ನಂಬರ್ ಗೊತ್ತು."

ಕೋರ್ಟು ಹಾಲಿನಲ್ಲಿ ನಗು ಎದ್ದಿತು. ಪ್ರೆಸ್ಸಿನ ಯಜಮಾನರೂ ಬಾಯಿಗೆ ಟವೆಲು ಅಡ್ಡ ಹಿಡಿದರು. ಆ ಅರ್ಜಿ ವಜಾ ಆಯಿತು.

ಕೊನೆಗೆ ತೀರ್ಪು ಬಂತು. ಮರ್ಯಾದೆ ನಡೆದುಬಂದದ್ದು ನಿಜ, ಆದರೆ ಅದು ಮನೆ ಹೊಲದ ಹಾಗೆ ಒಬ್ಬರಿಂದ ಒಬ್ಬರಿಗೆ ಇಳಿಯುವ ಆಸ್ತಿಯಲ್ಲ. ವಸ್ತ್ರ ದೇವರ ಪಾದಕ್ಕೆ, ಜನರಿಗೆ ಒಂದೇ ಸಾಲು. "ನಡೆದುಬಂದದ್ದು ಅಂತ ಒಪ್ಪಿದರಲ್ಲ, ಅರ್ಧ ಗೆದ್ದೆವು," ಅಂದರು ಅವಳ ವಕೀಲರು. ಇವಳ ಮನೆಗೂ ಸಿಗಲಿಲ್ಲ ಅಂತ ಪ್ರೆಸ್ಸಿನ ಯಜಮಾನರಿಗೆ ಸಮಾಧಾನ. ಹಿಂದಿನ ಬೀದಿಯವರು ಹೊರಬಾಗಿಲು ದಾಟಿದರು. ಎಲ್ಲರೂ ಗೆದ್ದ ಕೇಸಿನಲ್ಲಿ ತಾನೇನಾದೆ ಅಂತ ಅವಳಿಗೆ ಮಾತ್ರ ತಿಳಿಯಲಿಲ್ಲ.

ಸಾಲು ನೋಡಿಕೊಳ್ಳಲು ಮೂರು ಪಕ್ಷದವರೂ ಒಪ್ಪುವ ಒಬ್ಬರು ಬೇಕು ಅಂತ ಕೋರ್ಟು ಹೇಳಿತ್ತು. ಒಬ್ಬರು ಕೊಟ್ಟ ಹೆಸರನ್ನು ಇನ್ನೊಬ್ಬರು ಹೊಡೆದುಹಾಕಿ, ಹೊಡೆದುಹಾಕಿ, ಕಡೆಗೆ ಅವಳ ಹೆಸರೇ ಉಳಿಯಿತು. ಮೂರೂ ಕಡೆಯವರಿಗೆ ಅವಳ ಮೇಲೆ ಸಿಟ್ಟಿದ್ದದ್ದರಿಂದ, ಇವಳು ಅವರವಳು ಅಂತ ಯಾರಿಗೂ ಬೆರಳು ತೋರಿಸಲಾಗಲಿಲ್ಲ. ಒಲ್ಲೆ ಅನ್ನಲು ಹೋದವಳು ಯಾಕೋ ಹ್ಞೂ ಅಂದುಬಂದಳು.

ಒಂದೇ ಸಾಲಿನ ಎರಡನೆಯ ಉತ್ಸವಕ್ಕೆ ಅತ್ತಿಗೆ ಬಂದಳು. ಮಾತು ಇನ್ನೂ ಕೂಡಿರಲಿಲ್ಲ. ಪ್ರೆಸ್ಸಿನ ಯಜಮಾನರ ಸೊಸೆಯ ಹಿಂದೆ, ಎಲೆಕ್ಟ್ರಿಷಿಯನ್ನನ ತಾಯಿಯ ಮುಂದೆ, ಸೆರಗು ಬಿಗಿಹಿಡಿದು ಸಾಲಿನಲ್ಲಿ ನಿಂತಳು. ಹಿಂದಿನ ಕಂಬ ದಾಟಿ ಗರ್ಭಗುಡಿಯ ಬಾಗಿಲವರೆಗೆ ಅತ್ತಿಗೆ ಬಂದದ್ದು ಅದೇ ಮೊದಲು. ಅರ್ಚಕರು ಅಂಗೈಗೆ ತೀರ್ಥ ಹಾಕಿದರು. ಅತ್ತಿಗೆ ಕುಡಿದು, ಖಾಲಿ ಅಂಗೈಯನ್ನು ನೋಡುತ್ತಾ ಹಾಗೇ ನಿಂತುಬಿಟ್ಟಳು. ಸಾಲು ಮುಂದೆ ಹೋಗಲಿಲ್ಲ. ತೂಕದಕ್ಕ ಹತ್ತಿರ ಹೋಗಿ ಮೊಣಕೈ ಹಿಡಿದಳು.

"ಇಷ್ಟೇನಾ?" ಅಂದಳು ಅತ್ತಿಗೆ. ಕೇಳಿದ್ದು ನಾದಿನಿಯನ್ನೇ. "ಇದಕ್ಕೇನಾ ಅವರು ಅಷ್ಟು ವರ್ಷ?"

"ಗೊತ್ತಿಲ್ಲ ಅತ್ತಿಗೆ. ನಾನೂ ಅದನ್ನೇ ಯೋಚಿಸ್ತಾ ಇದ್ದೀನಿ."

ಹಿಂದಿನಿಂದ ಎಲೆಕ್ಟ್ರಿಷಿಯನ್ನನ ತಾಯಿ ಮೆಲ್ಲಗೆ, "ಸ್ವಲ್ಪ ಸರೀತೀರಾ ತಾಯಿ," ಅಂದಳು. ಅತ್ತಿಗೆ ಸರಿದಳು. ಇಬ್ಬರೂ ಪಕ್ಕದ ಗೋಡೆಗೆ ಒರಗಿ, ಜನ ಒಬ್ಬೊಬ್ಬರಾಗಿ ಬಂದು ಕೈ ಒಡ್ಡುವುದನ್ನು ನೋಡುತ್ತಾ ತುಂಬಾ ಹೊತ್ತು ನಿಂತರು.