ತಿಕೋಟಾದ ಪಡದಾ, ಸಾರವಾಡದ ಮಳಿ

ಗಾಂಧಿ ಚೌಕದಾಗ ಸೂಸಲಾ-ಮಿರ್ಚಿ ತಿಂದು, ಚಾ ಕುಡದು, ನಾನು ಸವಿತಕ್ಕ ತಿಕೋಟಾ ಬಸ್ ಹತ್ತಿದ್ವಿ. ಆಧಾರ ತೋರಿಸಿದ್ವಿ, ಜೀರೋ ಟಿಕೆಟ್ ಬಂತು. ಮಾರ್ಚ್ ತಿಂಗಳ ಬಿಸಲು, ಕಿಡಕಿ ಸರಳು ಮುಟ್ಟಿದ್ರ ಕೈ ಚುರ್ ಅಂತಿತ್ತು.

ಸವಿತಕ್ಕ ನಮ್ಮ ಓಣಿಯಾಕಿ, ಕೃಷಿ ಕಾಲೇಜಿನ್ಯಾಗ ಕಲಿಸಿ ರಿಟೈರ್ ಆಗ್ಯಾಳ. ಮುಂದ ಹವಾ ಹೆಂಗ ಬದಲಾಗತೈತಿ ಅಂತ ಅಂದಾಜ ಹಾಕಿ ರೈತರನ್ನ ತಯಾರ ಮಾಡೂ ಒಂದು ಸರ್ಕಾರದ ಯೋಜನೆ ಐತಿ. ಅಕಾಲದ ಮಳಿ ಹೆಚ್ಚಾಗತೈತಿ ಅಂತ ಅದರ ಅಂದಾಜ. ಅದಕ್ಕ ಒಣದ್ರಾಕ್ಷಿ ಶೆಡ್ಡಿಗೆ ಮಳಿ ತಡಿಯೂ ಪ್ಲಾಸ್ಟಿಕ್ ಪಡದಾ ಕೊಟ್ಟಾರ, ಮಳಿ ಬರೂ ಮೊದಲ ಫೋನಿಗೆ ಮೆಸೇಜ್ ಕಳಸ್ತಾರ. ಉಪಯೋಗ ಆಗೈತೋ ಇಲ್ಲೋ ನೋಡಿ ರಿಪೋರ್ಟ್ ಕೊಡೂ ಕೆಲಸ ಸವಿತಕ್ಕಂದು. ಆಕಿ ಬ್ಯಾಡ ಅಂದ್ರ ಯೋಜನೆ ಬಂದ್. ನಾ ಯಾಕ ಹೋದೆ? ಖರೇ ಹೇಳಬೇಕಂದ್ರ ದ್ರಾಕ್ಷಿ ತಿನ್ನಾಕ. ಸರ್ಕಾರಿ ಯೋಜನೆ ಅಂದ್ರ ಒಂದು ಬೋರ್ಡು, ಅದರ ಮುಂದೊಂದು ಫೋಟೋ, ಮುಗೀತು ಅಂತ ತಿಳಕೊಂಡಾಕಿ ನಾನು.

ತಿಕೋಟಾದಾಗ ಈ ಯೋಜನೆಯಾಗ ಪಡದಾ ತಗೊಂಡ ಶಹನಾಜ್ ಅನ್ನಾಕಿ ಶೆಡ್ಡಿಗೆ ಹೋದ್ವಿ. ಬಲಿಯಂಥಾ ಜಾಳಗಿ ಮ್ಯಾಲೆ ಜಾಳಗಿ, ಎಲ್ಲಾ ಕಡಿ ಒಣಗಾಕ ಹಾಕಿದ ದ್ರಾಕ್ಷಿ. ಆಕಾಶದಾಗ ಒಂದು ಮೋಡ ಇಲ್ಲ, ಆದ್ರ ನಾಕೂ ಕಡಿ ಪಡದಾ ಬಿಟ್ಟಾರ. ಮುಂಜಾನೆ ಮಳಿ ಮೆಸೇಜ್ ಬಂದಿತ್ತಂತ. ಬಾಜೂ ಶೆಡ್ಡಿನ ಮಲ್ಲಪ್ಪ ತನ್ನ ಪಡದಾ ಆರಾಮ ಸುತ್ತಿ ಇಟ್ಟಿದ್ದ.

"ಬಾಯಾರ, ಈಕಿ ಫೋನಿನ್ಯಾಗ ಮಳಿ ಹೊಡಿಯಾಕತ್ತೈತಿ. ಛತ್ರಿ ತಂದೀರೋ ಇಲ್ಲೋ?" ಅಂದ.

"ನಗು ಅಣ್ಣಾ, ನಗು. ಹೋದ ಸಲ ನಿನ್ನ ಮಾಲು ತೊಯ್ದು ಕರ್ರಗಾದಾಗ ನಾ ನಗಲಿಲ್ಲ" ಅಂದ್ಳು ಶಹನಾಜ್.

ಸವಿತಕ್ಕ ನೇರ ಕೇಳಿದ್ಳು, "ಮೆಸೇಜ್ ಸುಳ್ಳಾದ್ರ?"

"ಆಗೈತ್ರಿ. ಪಡದಾ ಬಿಟ್ರ ಗಾಳಿ ಆಡೂದಿಲ್ಲ, ಒಣಗೂದು ತಡಾ ಆಕ್ಕೈತಿ. ತೊಯ್ದ್ರ ಮಾತ್ರ ವರ್ಷದ ದುಡಿತಾ ಎಲ್ಲಾ ಹೋತು. ನಾವೊಂದಿಷ್ಟು ಹೆಣ್ಣಮಕ್ಕಳು ಕೂಡಿ ಈ ಶೆಡ್ ನಡಸ್ತೀವ್ರಿ. ಇವತ್ತೂ ಮಳಿ ಬರಲಿಲ್ಲಂದ್ರ ಇನ್ನ ಮುಂದ ಯಾರೂ ನನ್ನ ಮಾತ ಕೇಳೂದಿಲ್ಲ. ಸಂಜಿಕ್ಕ ಎತ್ತೇ ಎತ್ತತೀವಿ ಅಂದಾರ."

ಸವಿತಕ್ಕನ ಮಾರಿ ಸಣ್ಣದಾತು. ಮಂದಿ ನಂಬದ ಮೆಸೇಜಿಗೆ ಇನ್ನ ರೊಕ್ಕ ಹಾಕ್ರಿ ಅಂತ ಹೆಂಗ ಬರೀತಾಳ?

ಬಬಲೇಶ್ವರದ ಖಾನಾವಳಿಯಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಹೊಡದು ಸಾರವಾಡಕ್ಕ ಬಂದ್ವಿ. ಅಲ್ಲಿಗೂ ಅದ ಮೆಸೇಜ್. ಗಂಗವ್ವ ಅನ್ನೂ ರೈತ ಹೆಣ್ಣಮಗಳು ಜ್ವಾಳದ ರಾಶಿಗೆ ತಾಡಪಾಲ ಹೊಚ್ಚಿ, ಅದರ ಅಂಚಿನ ಮ್ಯಾಲೆ ತಾನ ಕುಂತಿದ್ಳು.

"ಗಾಳಿಗೆ ಹಾರತೈತೆವಾ. ಕಲ್ಲಿಗಿಂತ ನಾನ ಭಾರ ಅದೀನಿ."

ನಾವು ನಗೂದ್ರಾಗ ಮೋಡ ಕವದು ಮಳಿ ಹಿಡೀತು. ಸಣ್ಣ ಮಳಿ ಅಲ್ಲ, ತಗಡಿನ ಕೆಳಗ ನಿಂತ ನಮಗ ಒಬ್ಬರ ಮಾತ ಒಬ್ಬರಿಗೆ ಕೇಳಲಿಲ್ಲ. ಹೊಲದ ತುಂಬ ಕೆಸರಾತು, ರಾಶಿಯೊಳಗ ಹನಿ ಇಳೀಲಿಲ್ಲ. ಬೋರ್ಡು-ಫೋಟೋ ಅಂತಿದ್ದ ನನ್ನ ಬಾಯಿ ಅಲ್ಲೇ ಬಂದ್ ಆತು. ಒಳ್ಳೆ ಕೆಲಸಕ್ಕ ಒಳ್ಳೇದ ಅನ್ನಬೇಕ್ರಿ.

ಸವಿತಕ್ಕ ಮಾತ್ರ ಮೋಡ ನೋಡಾಕತ್ತಿದ್ಳು. ಸಪ್ಪಳಾ ತುಸು ಇಳದಾಗ ಕೇಳಿದ್ಳು, "ಯಾ ಕಡಿ ಹೊಂಟೈತಿ?"

"ತಿಕೋಟಾ ಕಡಿ" ಅಂದ್ಳು ಗಂಗವ್ವ.

"ಪರೀಕ್ಷಾ ಮಾಡಾಕ ಬಂದಾಕಿ ಹಿಂಗ ನಡುವ ಕೈ ಹಾಕಬಾರದು" ಅನಕೋತನ ಸವಿತಕ್ಕ ನಂಬರ್ ಒತ್ತಿದ್ಳು. "ಶಹನಾಜ್, ಪಡದಾ ಎತ್ತಿದ್ರೇನು?"

"ಹಗ್ಗ ಬಿಚ್ಚಾಕತ್ತಾರ್ರಿ."

"ಬಿಚ್ಚಬ್ಯಾಡ್ರಿ. ಸಾರವಾಡದಾಗ ಹೊಡಿಯಾಕತ್ತೈತಿ."

ವಾಪಸ್ ಬಸ್ಸಿನ್ಯಾಗ ಸವಿತಕ್ಕ ಹೇಳಿದ್ಳು, "ಮುಂದುವರಸ್ರಿ ಅಂತ ಬರೀತೀನಿ. ಇಡೀ ಸೀಮಿಗೆ ಮುಂಜಾನೆ ಒಂದ ಮೆಸೇಜ್ ಕಳಿಸಿ ಕುಂತ್ರ ಸಾಲೂದಿಲ್ಲ, ಎಲ್ಲಿ ಬಿತ್ತು, ಎತ್ತ ಹೊಂಟೈತಿ ಅಂತನೂ ತಿಳಸ್ರಿ ಅಂತ ಬರೀತೀನಿ."

ಇಬ್ರಾಹಿಂಪುರ ದಾಟೂ ಮುಂದ ಶಹನಾಜ್ ಫೋನ್ ಬಂತು. "ಬಂತ್ರಿ ಬಾಯಾರ. ನಮ್ಮ ಮಾಲಿಗೆ ಏನೂ ಆಗಿಲ್ಲ." ಅಷ್ಟರಾಗ ಹಿಂದಿಂದ ಮಲ್ಲಪ್ಪನ ದನಿ, "ಮಾತು ಆಮ್ಯಾಲೆ ಬೇ, ನನ್ನ ಪಡದಾದ ಈ ತುದಿ ಹಿಡಿ ಬಾ!"

ಫೋನ್ ಚಾಲೂ ಇಟ್ಟು ಆಕಿ ಓಡಿದ್ಳು. ಬಸ್ಸಿನ್ಯಾಗ ನಾವಿಬ್ರೂ ಕಿವಿ ಹಚ್ಚಿ ಕುಂತ್ವಿ. ಹಗ್ಗ ಜಗ್ಗೂ ಸಪ್ಪಳಾ, ಮಲ್ಲಪ್ಪನ ಬೈಗುಳಾ, ನಾಕಾರು ಹೆಣ್ಣಮಕ್ಕಳ ನಗಿ. ಆಮ್ಯಾಲೆ ಬರೇ ಪಡದಾದ ಮ್ಯಾಲೆ ಬೀಳೂ ಮಳಿ.